ಬೆಳೆಯುವ ಕಾಲು ಮತ್ತು ಹಿಮದ ಬೂಟು

ಜೂನ್ ತಿಂಗಳು ಬಂತೆಂದರೆ ಚಳ್ಳಕೆರೆಯ ಚಪ್ಪಲಿ ಅಂಗಡಿಗಳಲ್ಲಿ ಒಂದೇ ಮಾತು ಕೇಳಿಸುತ್ತದೆ: “ಒಂದು ನಂಬರ್ ದೊಡ್ಡದೇ ಕೊಡ್ರಿ, ಬೆಳೆಯೋ ಕಾಲು.” ನಮ್ಮಪ್ಪ ನನಗೆ ಹಾಗೇ ಕೊಡಿಸಿದ. ಬೂಟಿನ ತುದಿಗೆ ಹಳೇ ಬಟ್ಟೆ ತುರುಕಿಕೊಂಡು ನಾನು ಉಳ್ಳಾರ್ತಿಯಿಂದ ಶಾಲೆಗೆ ನಡೆದೆ. ಬಟ್ಟೆ ತೆಗೆಯುವ ಹೊತ್ತಿಗೆ ಬೂಟು ಹರಿದಿರುತ್ತಿತ್ತು. ಮುಂದೆ ನಾನು ಅಪ್ಪನಾದಾಗ ಮಗಳಿಗೂ ಅದನ್ನೇ ಮಾಡಿದೆ. ಅದರಲ್ಲಿ ತಪ್ಪೇನಿಲ್ಲ. ಬಡತನವೂ ಪ್ರೀತಿಯೂ ಸೇರಿ ಕಲಿಸಿದ ಲೆಕ್ಕ ಅದು. ಆದರೆ ಆ ಲೆಕ್ಕ ನಡೆಯದ ಒಂದು ಜಾಗವಿದೆ. ಈ ವಾರ ಅದರ ಕಥೆ.

ಸಂಕ್ರಾಂತಿಗೆ ಊರಿಗೆ ಬಂದ ಮಗಳು ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. ಅವಳು ಬೆಂಗಳೂರಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದಾಳೆ. ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲಿ ಎರಡು ವಾರ ಸ್ಕೀ ಕಲಿಯಲು ಅವಳಿಗೆ ಸೀಟು ಸಿಕ್ಕಿತ್ತು.

“ಸ್ಕೀ ಅಂದ್ರೆ ಏನವ್ವಾ?” ಅಂತ ನಮ್ಮವ್ವ ಕೇಳಿದಳು.

“ಕಾಲಿಗೆ ಉದ್ದನೆ ಹಲಗೆ ಕಟ್ಕೊಂಡು ಹಿಮದ ಗುಡ್ಡದಿಂದ ಜಾರೋದು ಅಜ್ಜಿ.”

“ಜಾರಾಕೆ ಅಷ್ಟು ದೂರ ಹೋಗ್ಬೇಕಾ? ನಿಮ್ಮಪ್ಪ ಕೆರೆ ಏರಿಮ್ಯಾಲೆ ತೆಂಗಿನ ಗರಿಮ್ಯಾಲೆ ಕುಂತು ಜಾರಿ ಜಾರಿ ಚಡ್ಡಿ ಹರ್ಕೊಂಡ್ ಬರ್ತಿದ್ದ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಕೈ ತಾನಾಗಿಯೇ ಬಲಮಂಡಿಯ ಮೇಲೆ ಹೋಯಿತು.

ನಮ್ಮೂರಿನ ಕಾವಲು ನೋಡಿದವರಿಗೆ ಗೊತ್ತು, ಕಣ್ಣು ಹಾಯುವಷ್ಟು ದೂರ ಹುಲ್ಲು ಮತ್ತು ಬಯಲು. ಒಂದು ಕಾಲಕ್ಕೆ ಮೈಸೂರು ಅರಸರ ಅಮೃತಮಹಲ್ ದನಗಳು ಮೇಯ್ದ ನೆಲ ಇದು. ಈಗ ವಿಜ್ಞಾನ ಸಂಸ್ಥೆಗಳಿಗೆ ಜಮೀನು ಹೋಗಿ ಕಾವಲಿನ ದೊಡ್ಡ ಭಾಗಕ್ಕೆ ಗೋಡೆ ಬಂದಿದೆ. ಮಳೆಯೇ ಅಪರೂಪವಾದ ಸೀಮೆಯಲ್ಲಿ ಹಿಮದ ಮಾತೆಲ್ಲಿ? ಇಂಥ ಊರಿನಿಂದ ಹೋಗುವವರಿಗೆ ಸ್ಕೀ ಸಾಮಾನು ಆರಿಸಲು ಹೇಳಿಕೊಡುವ ಅಣ್ಣನೂ ಇರುವುದಿಲ್ಲ, ಅತ್ತೆಯೂ ಇರುವುದಿಲ್ಲ. ನನಗೂ ಯಾರೂ ಇರಲಿಲ್ಲ. ಅದಕ್ಕೇ ಅವತ್ತು ರಾತ್ರಿ ಜಗಲಿಯ ಮೇಲೆ ಮಗಳನ್ನು ಕೂರಿಸಿಕೊಂಡು ನನಗೆ ತಿಳಿದದ್ದನ್ನೆಲ್ಲ ಹೇಳಿದೆ.

ಮೊದಲಿಗೆ ಒಂದು ಗೊಂದಲ ಬಿಡಿಸಬೇಕಿತ್ತು. ಕೊಡಗಿನ ಹುಡುಗಿ ತೆಕ್ಕಡ ಭವಾನಿ ಸ್ಕೀಯಲ್ಲಿ ಪದಕ ಗೆದ್ದು, ಹೊರದೇಶಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದನ್ನು ನಮ್ಮವಳು ಪೇಪರಿನಲ್ಲಿ ಓದಿದ್ದಳು. ಅವಳಿಗೆ ಅಂಥದ್ದೇ ಹಲಗೆ ಬೇಕಂತೆ. ಆದರೆ ಭವಾನಿಯದು ಕ್ರಾಸ್‌ಕಂಟ್ರಿ ಸ್ಕೀ. ಹಿಮದ ಮೇಲೆ ಏರು ಇಳಿವು ಎನ್ನದೆ ಕಿಲೋಮೀಟರ್‌ಗಟ್ಟಲೆ ಓಡುವ ಆಟ ಅದು. ಅದರ ಹಲಗೆ ಸಣಕಲು, ಬೂಟು ಹಗುರ, ಹಿಮ್ಮಡಿ ಬಿಡುವಾಗಿ ಮೇಲೆದ್ದು ಬರುತ್ತದೆ. ನಮ್ಮವಳು ಕಲಿಯಹೊರಟಿದ್ದು ಇಳಿಜಾರಿನ ಸ್ಕೀ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಒಬ್ಬನೇ ಆಟಗಾರ ಹೋಗಿದ್ದ, ಕಾಶ್ಮೀರದ ಆರಿಫ್ ಖಾನ್. ಅವನು ಆಡಿದ್ದು ಈ ಆಟ. ಇದರಲ್ಲಿ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಮುಂಗಾಲು ಹಿಮ್ಮಡಿ ಎರಡೂ ಹಲಗೆಗೆ ಕಚ್ಚಿಕೊಂಡಿರುತ್ತವೆ. ಮಂಡಿ ಬಾಗಿಸಿದರೆ ಅದು ಬೂಟಿನ ಮೂಲಕ ಹಲಗೆಗೆ ಹೋಗಿ ಹಲಗೆ ತಿರುಗುತ್ತದೆ. ಬೂಟಿನೊಳಗೆ ಕಾಲು ಅಲ್ಲಾಡಿದರೆ, ನೊಗಕ್ಕೆ ಕಣ್ಣಿ ಸಡಿಲ ಬಿಟ್ಟ ಎತ್ತಿನ ಹಾಗೆ. ನೀವು ಎಳೆದದ್ದು ಒಂದು ಕಡೆ, ಅದು ಹೋಗುವುದು ಇನ್ನೊಂದು ಕಡೆ.

ಹಾಗಾಗಿ ಬಣ್ಣ ಬಣ್ಣದ ಹಲಗೆ ನೋಡುವ ಮುಂಚೆ ಬೂಟು ನೋಡಬೇಕು.

ಸ್ಕೀ ಬೂಟಿಗೆ ನಮ್ಮ 6, 7 ನಂಬರ್ ಇಲ್ಲ. ಕಾಲಿನ ಉದ್ದ ಎಷ್ಟು ಸೆಂಟಿಮೀಟರೋ ಅದೇ ಅಳತೆ. ಇದಕ್ಕೆ ಮಾಂಡೋಪಾಯಿಂಟ್ ಎನ್ನುತ್ತಾರೆ. ನಮ್ಮೂರಲ್ಲಿ ಮೆಟ್ಟು ಹೊಲಿಯುತ್ತಿದ್ದವರು ಕಾಲನ್ನು ಕಾಗದದ ಮೇಲೆ ಇಡಿಸಿ ಸುತ್ತ ಪೆನ್ಸಿಲ್ಲಿನ ಗೆರೆ ಎಳೆಯುತ್ತಿದ್ದರು. ಮಗಳಿಗೂ ಹಾಗೇ ಮಾಡಿದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಿಸಿ, ಉದ್ದನೆಯ ಬೆರಳಿನ ತುದಿಗೆ ಗುರುತು ಹಾಕಿದೆ. ಎಡಗಾಲು 24.1, ಬಲಗಾಲು 24.4. ಹಾಗಾದರೆ 24.5ರ ಬೂಟಿನಿಂದ ಶುರು ಮಾಡಬೇಕು. ಅನೇಕ ಕಂಪನಿಗಳಲ್ಲಿ 24 ಮತ್ತು 24.5 ಎರಡಕ್ಕೂ ಹೊರಗಿನ ಚಿಪ್ಪು ಒಂದೇ ಇರುತ್ತದೆ. ಆದ್ದರಿಂದ ಅರ್ಧ ನಂಬರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಸರಿ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಬೂಟಿನೊಳಗೆ ಇನ್ನೊಂದು ಮೆತ್ತನೆ ಬೂಟು ಇರುತ್ತದೆ. ಅದನ್ನು ಹೊರಗೆಳೆದಿಟ್ಟು ಬರೀ ಚಿಪ್ಪಿನೊಳಗೆ ಕಾಲಿಡಬೇಕು. ಬೆರಳ ತುದಿ ಮುಂದೆ ಮೆಲ್ಲನೆ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತು ಎಂದು ನೋಡಬೇಕು. ಹೊಸಬರಿಗೆ ಸುಮಾರು 2 ಸೆಂ.ಮೀ. ಇದ್ದರೆ ಸರಿ. ಸ್ಪರ್ಧೆಗೆ ಇಳಿಯುವವರು 1 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ ಇಟ್ಟುಕೊಳ್ಳುತ್ತಾರೆ. 3 ಸೆಂ.ಮೀ. ಇದ್ದರೆ ಆ ಬೂಟು ನಿಮ್ಮದಲ್ಲ, ಎಷ್ಟೇ ಹಾಯೆನಿಸಲಿ.

ಆಮೇಲೆ ಒಳಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಕಾಲನ್ನು ಹಿಂದಕ್ಕೆ ಕೂರಿಸಿ ಬಕಲ್ ಹಾಕಿಕೊಳ್ಳಬೇಕು. ನೆಟ್ಟಗೆ ನಿಂತರೆ ಬೆರಳು ಮುಂದೆ ಸೋಕುತ್ತದೆ. ‘ಚಿಕ್ಕದಾಯ್ತು’ ಎಂದು ಎಲ್ಲರೂ ಬಿಚ್ಚಿ ಎಸೆಯುವುದು ಇಲ್ಲೇ. ಬಿಚ್ಚಬೇಡಿ. ಮಂಡಿ ಬಾಗಿಸಿ, ಮೊಣಕಾಲ ಕೆಳಗಿನ ಮೂಳೆಯನ್ನು ಬೂಟಿನ ನಾಲಿಗೆಗೆ ಒತ್ತಿ ನೋಡಿ. ಕಾಲು ಹಿಂದಕ್ಕೆ ಸರಿದು ಬೆರಳಿಗೆ ಜಾಗ ಸಿಗುತ್ತದೆ. ಸ್ಕೀ ಮಾಡುವಾಗ ನಿಲ್ಲುವುದೇ ಹಾಗೆ. ಆಗ ಹಿಮ್ಮಡಿ ಮೇಲೇಳಬಾರದು.

“ಎಷ್ಟು ಬಿಗಿ ಇರ್ಬೇಕಪ್ಪಾ?” ಅಂದಳು.

ಒಳಗಿನಿಂದ ನಮ್ಮವ್ವನೇ ಉತ್ತರ ಕೊಟ್ಟಳು: “ಬಳೆಗಾರ ತೊಡಿಸಿದಂಗೆ ಇರ್ಬೇಕು ತಗಾ. ದೊಡ್ಡ ಬಳೆ ಕೆಲ್ಸ ಮಾಡುವಾಗ ಬಿದ್ದೋಗ್ತತೆ, ಸಣ್ಣ ಬಳೆ ಕೈ ಹೂತಾಕ್ತತೆ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಎಲ್ಲ ಕಡೆಯಿಂದ ಸಮನಾಗಿ ಹಿಡಿದಿರಬೇಕು. ಒಂದೇ ಕಡೆ ಚುಚ್ಚಿದರೆ, ಕಾಲು ಜೋಮು ಹಿಡಿದರೆ ಬೇರೆ ಬೂಟು ಕೇಳಬೇಕು. ಹಾಕಿಕೊಂಡ ಕೂಡಲೇ ತೀರ್ಮಾನ ಬೇಡ, ಹದಿನೈದು ನಿಮಿಷ ಹಾಕಿಕೊಂಡೇ ಓಡಾಡಬೇಕು. ಒಳಬೂಟು ಬಳಸಿದಂತೆಲ್ಲ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಇನ್ನೊಂದು, ಬೂಟಿನ ಮೇಲೆ 70, 100, 130 ಎಂದು ಬರೆದಿರುವುದು ಅದರ ಗಡಸುತನ. ಸಣ್ಣ ಮೈಯ ಹೊಸಬರಿಗೆ 60ರಿಂದ 80 ಸಾಕು. 130 ಸ್ಪರ್ಧಿಗಳದ್ದು. ಈ ಅಂಕಿ ಒಂದು ಕಂಪನಿಯದು ಇನ್ನೊಂದಕ್ಕೆ ಸರಿಹೊಂದುವುದಿಲ್ಲ, ಅದಕ್ಕೇ ಬಾಗಿಸಿ ನೋಡಿಯೇ ತಿಳಿಯಬೇಕು.

ಬೂಟಿನ ನಂತರ ಹಲಗೆ. ನಾನು ಹೋಗಿದ್ದ ಕಾಲಕ್ಕೆ ಬಾಡಿಗೆಗೆ ಸಿಗುತ್ತಿದ್ದದ್ದು ನೆಟ್ಟನೆಯ ಉದ್ದ ಹಲಗೆ. ಕೈ ಮೇಲೆತ್ತಿದರೆ ಎಷ್ಟೆತ್ತರವೋ ಅಷ್ಟುದ್ದ. 1990ರ ದಶಕದಲ್ಲಿ ಸ್ಕೀಯ ಆಕಾರವೇ ಬದಲಾಯಿತು. ಈಗಿನದಕ್ಕೆ ಮೂತಿ ಅಗಲ, ನಡು ಸಣ್ಣ, ಬಾಲ ಅಗಲ. ಪಕ್ಕಕ್ಕೆ ವಾಲಿಸಿದರೆ ಅಂಚು ಹಿಮ ಕಚ್ಚಿ, ಹಲಗೆ ಬಿಲ್ಲಿನಂತೆ ಬಾಗಿ ತಾನೇ ತಿರುಗುತ್ತದೆ. ಹಾಗಾಗಿ ಈಗ ಅಷ್ಟು ಉದ್ದ ಬೇಕಿಲ್ಲ. ಕಲಿಯುವವರಿಗೆ ನಿಲ್ಲಿಸಿದಾಗ ಗದ್ದದಿಂದ ಮೂಗಿನವರೆಗೆ ಬಂದರೆ ಸಾಕು. ಚಿಕ್ಕದು ಬೇಗ ತಿರುಗುತ್ತದೆ. ಉದ್ದನೆಯದು ವೇಗದಲ್ಲಿ ನಡುಗದೆ ನಿಲ್ಲುತ್ತದೆ, ಆದರೆ ಅದನ್ನು ತಿರುಗಿಸಲು ಬಲ ಬೇಕು, ಕಲಿತಿರಬೇಕು.

ಹಲಗೆಯ ಮೇಲೆ 121-73-104 ಎಂಬಂತೆ ಮೂರು ಅಂಕಿ ಇರುತ್ತವೆ: ಮೂತಿ, ನಡು, ಬಾಲದ ಅಗಲ, ಮಿಲಿಮೀಟರಿನಲ್ಲಿ. ಮುಖ್ಯವಾದದ್ದು ನಡುವಿನದು. ಹದ ಮಾಡಿದ ಗಟ್ಟಿ ಹಿಮಕ್ಕೆ 70ರಿಂದ 85 ಚೆನ್ನ. ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಂತೆ ಹಿಟ್ಟಿನಂಥ ಹಿಮ ಮಂಡಿವರೆಗೆ ಬೀಳುವಲ್ಲಿ ಮುಳುಗದಿರಲು 100 ಅಥವಾ ಹೆಚ್ಚು ಅಗಲ ಬೇಕು. ಕಲಿಯುವ ಹುಡುಗಿ ಅಗಲದ್ದು ತಗೊಂಡರೆ ಒಂದಂಚಿನಿಂದ ಇನ್ನೊಂದಂಚಿಗೆ ವಾಲಿಸುವುದೇ ಕಷ್ಟ.

ಬಾಡಿಗೆ ಹಲಗೆ ಆದರೆ ಅಂಚಿನ ಉಕ್ಕಿನ ಪಟ್ಟಿ ನೋಡಬೇಕು. ತುಕ್ಕು ಹಿಡಿದಿದೆಯೇ? ಉಗುರಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಮೆಲ್ಲನೆ ಎಳೆದರೆ ಉಗುರು ಸ್ವಲ್ಪ ಹೆರೆಯಬೇಕು. ಜಾರಿಹೋದರೆ ಅಂಚು ಮೊಂಡು. ತಳ ಬಿಳಿಚಿಕೊಂಡು ಒಣಗಿದ್ದರೆ ಮೇಣ ಬಿದ್ದು ಬಹಳ ದಿನವಾಗಿದೆ ಎಂದರ್ಥ.

ಇಷ್ಟು ಹೇಳಿ ನಾನು ಸುಮ್ಮನಾದೆ. ಉಳಿದದ್ದು ಬೈಂಡಿಂಗ್. ಬೂಟನ್ನು ಹಲಗೆಗೆ ಹಿಡಿದಿಡುವ ಕೊಕ್ಕೆ. ಅದರ ಬಗ್ಗೆ ಹೇಳಬೇಕೆಂದರೆ ಇಷ್ಟು ವರ್ಷ ಮನೆಯಲ್ಲಿ ಹೇಳದೆ ಇದ್ದದ್ದನ್ನು ಹೇಳಬೇಕಿತ್ತು.

1998ರಲ್ಲಿ ಗೆಳೆಯರೊಡನೆ ಹಿಮಾಚಲಕ್ಕೆ ಹೋಗಿದ್ದೆ. ಅಲ್ಲಿ ರಸ್ತೆ ಪಕ್ಕದ ಅಂಗಡಿಯಲ್ಲಿ ಸ್ಕೀ ಬಾಡಿಗೆಗೆ ಕೊಡುತ್ತಿದ್ದರು. ಬೂಟು ಆರಿಸುವಾಗ ನಮ್ಮಪ್ಪನ ಲೆಕ್ಕವೇ ನೆನಪಾಯಿತು. ಒಂದು ನಂಬರ್ ದೊಡ್ಡದು ತಗೊಂಡು, ಎರಡು ಜೊತೆ ಕಾಲುಚೀಲ ಏರಿಸಿದೆ. ಅಂಗಡಿಯವನು ಬೈಂಡಿಂಗ್‌ನ ತಿರುಪು ಹಿಡಿದು ತೂಕ ಕೇಳಿದ. ನಾನಾಗ 54 ಕೆ.ಜಿ. ಗೆಳೆಯರೆಲ್ಲ ಗಟ್ಟಿಮುಟ್ಟು ಆಳುಗಳು, ಪಕ್ಕದಲ್ಲೇ ನಿಂತಿದ್ದರು. “65” ಅಂದೆ. “ಮೊದಲು ಮಾಡಿದ್ದೀರಾ?” ಅಂದ. “ಇದು ಮೂರನೇ ಸಲ” ಅಂದೆ. ಅವನು ನಂಬಿ ತಿರುಪು ಬಿಗಿ ಮಾಡಿದ.

ಬೈಂಡಿಂಗ್‌ಗೆ ಎರಡು ಕೆಲಸ. ಸ್ಕೀ ಮಾಡುವಾಗ ಹಿಡಿದುಕೊಳ್ಳುವುದು, ಬಿದ್ದಾಗ ಬಿಡುವುದು. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಅದರ ಮೇಲಿನ ಅಂಕಿ ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಹಿಡಿತ ಬಿಗಿ. ಅದಕ್ಕೊಂದು ಅಂತರರಾಷ್ಟ್ರೀಯ ಕೋಷ್ಟಕವಿದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಎಷ್ಟು ರಭಸದಿಂದ ಸ್ಕೀ ಮಾಡುತ್ತೀರಿ ಎಂಬ ಐದು ಸಂಗತಿ ನೋಡಿ ಆ ಅಂಕಿ ತೆಗೆಯುತ್ತಾರೆ. ಬೂಟಿನ ಅಡಿಯ ಉದ್ದ ಹಿಮ್ಮಡಿಯ ಹತ್ತಿರ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೂ ಐವತ್ತು ದಾಟಿದವರಿಗೂ ಒಂದು ಹಂತ ಕಡಿಮೆ ಇಡುತ್ತಾರೆ. ಇದನ್ನು ಕಲಿತವರೇ ಮಾಡಬೇಕು. ನಾವು ಮಾಡಬೇಕಾದದ್ದು ನಿಜ ಹೇಳುವುದು ಒಂದೇ.

ನಾನು ಬಿದ್ದದ್ದು ವೇಗದಲ್ಲಲ್ಲ. ನಡೆಯುವಷ್ಟು ನಿಧಾನವಾಗಿ ಹೋಗುತ್ತಿದ್ದೆ. ದೊಡ್ಡ ಬೂಟಿನೊಳಗೆ ಕಾಲು ತಿರುಗಿತು, ಹಲಗೆ ತಿರುಗಲಿಲ್ಲ. ಬಲಗಡೆಗೆ ವಾಲಿ ಬಿದ್ದೆ. ಹಲಗೆ ಬಿಚ್ಚಿಕೊಳ್ಳಬೇಕಿತ್ತು, ಬಿಚ್ಚಲಿಲ್ಲ. ಮಂಡಿ ತಿರುಚಿತು. ಲಿಗಮೆಂಟ್ ಹರಿದಿತ್ತು. ಊರಿಗೆ ಬಂದು ‘ಐಸ್ ಮೇಲೆ ಕಾಲು ಜಾರಿತು’ ಅಂದೆ. ಅಪ್ಪ ಸಾಯುವವರೆಗೂ ಅದನ್ನೇ ನಂಬಿದ್ದ. ಇವತ್ತಿಗೂ ನಾನು ಕುಕ್ಕರಗಾಲಲ್ಲಿ ಕೂರಲಾರೆ. ಕಾವಲಿನಲ್ಲಿ ಒಂದು ಸುತ್ತು ನಡೆದು ಬಂದರೆ ರಾತ್ರಿ ಎಣ್ಣೆ ತಿಕ್ಕಬೇಕು.

ಮಗಳು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ “ಅಂಗಡಿಯವನದ್ದಲ್ವಾ ತಪ್ಪು?” ಅಂದಳು.

“ಅಲ್ಲವ್ವಾ. ನಾನು ಹೇಳಿದ ಮನುಷ್ಯನಿಗೆ ಅವನು ಸರಿಯಾಗೇ ಬಿಗಿ ಮಾಡಿದ್ದ. ಆ ಮನುಷ್ಯ ನಾನಾಗಿರಲಿಲ್ಲ.”

ಓದುತ್ತಿರುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಹುಡುಗರು ತೂಕ ಏರಿಸಿ ಹೇಳುತ್ತಾರೆ, ಹುಡುಗಿಯರು ಇಳಿಸಿ ಹೇಳುತ್ತಾರೆ. ಎರಡೂ ಅಪಾಯ. ಇಳಿಸಿ ಹೇಳಿದರೆ ಬೇಡದ ಜಾಗದಲ್ಲಿ ಹಲಗೆ ಕಳಚಿಕೊಂಡು ಮುಗ್ಗರಿಸುತ್ತೀರಿ. ಬೈಂಡಿಂಗ್ ಎಷ್ಟೇ ಸರಿ ಇದ್ದರೂ ಎಲ್ಲ ಮಂಡಿಯನ್ನೂ ಅದು ಕಾಯಲಾರದು. ಅದಕ್ಕೇ ಅದು ಕಾಯಬಲ್ಲದ್ದನ್ನಾದರೂ ನಾವು ಕೆಡಿಸಬಾರದು.

ಮಾರನೇ ದಿನ ಬ್ಯಾಗು ತುಂಬುವಾಗ ಇನ್ನೊಂದು ಪೇಚಾಟ ಶುರುವಾಯಿತು. ನಮ್ಮವ್ವ ಪೆಟ್ಟಿಗೆಯಿಂದ ಕರೀ ಕಂಬಳಿ ತೆಗೆದಳು. ಚಳ್ಳಕೆರೆ ಸೀಮೆಯ ಕುರಿ ಉಣ್ಣೆ, ಕೈಮಗ್ಗದಲ್ಲಿ ನೇಯ್ದದ್ದು. “ಇದ್ರಾಗೊಂದು ತುಂಡು ಕತ್ತರಿಸಿ ಬೂಟಿನಾಗೆ ಸುತ್ಕೊಳ್ಳಲಿ, ಬೆಚ್ಚಗಿರ್ತತೆ” ಅಂದಳು. ಬೇಡ ಅಂದರೆ ಅವಳಿಗೆ ನೋವು. ಆದರೆ ಸ್ಕೀ ಬೂಟಿನೊಳಗೆ ಒಂದೇ ಒಂದು ತೆಳ್ಳನೆ ಕಾಲುಚೀಲ ಇರಬೇಕು. ನುಣುಪು ಉಣ್ಣೆಯದೋ ಸಿಂಥೆಟಿಕ್ಕಿನದೋ ಆಗಬಹುದು. ಹತ್ತಿಯದು ಬೆವರು ಹೀರಿ ತಣ್ಣಗಾಗುತ್ತದೆ. ಎರಡು ಹಾಕಿದರೆ ಮಡಿಕೆ ಬಿದ್ದು ಕಚ್ಚುತ್ತದೆ, ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ನಮ್ಮ ಕುರಿಯ ಉಣ್ಣೆ ದಪ್ಪ, ಒರಟು. ಹೊದೆಯಲು ಅದರಷ್ಟು ಒಳ್ಳೆಯದಿಲ್ಲ, ಬೂಟಿನೊಳಗೆ ಮಾತ್ರ ಆಗದು. ಕೊನೆಗೆ “ರಾತ್ರಿ ಹೊದ್ಕೊಳ್ಳೋಕೆ ಇಡೀ ಕಂಬಳಿ ಕೊಡಜ್ಜಿ, ಕತ್ತರಿಸೋದ್ಯಾಕೆ?” ಅಂತ ಮಗಳೇ ಜಗಳ ಬಿಡಿಸಿದಳು.

ಖರ್ಚಿನ ಮಾತಿಗೆ ಬಂದರೆ, ತರಬೇತಿಯಲ್ಲಿ ಹಲಗೆ, ಬೂಟು, ಕೋಲು ಅಲ್ಲೇ ಕೊಡುತ್ತಾರೆ. ನಾವು ಕೊಂಡದ್ದು ಎರಡು ಜೊತೆ ಕಾಲುಚೀಲ, ನೀರು ಇಳಿಯದ ಕೈಗವಸು, ಕನ್ನಡಕ, ಹೆಲ್ಮೆಟ್. ಹೆಲ್ಮೆಟ್ ಸ್ಕೀಯದ್ದೇ ಆಗಬೇಕು, ಸೈಕಲ್ಲಿನದಲ್ಲ. ಒಳಗೆ ‘ಇಎನ್ 1077’ ಎಂಬ ಗುರುತು ಇದೆಯೇ ನೋಡಿ. ಪಟ್ಟಿ ಹಾಕದೆ ತಲೆ ಅಲ್ಲಾಡಿಸಿದರೂ ಅದು ಜಾರಬಾರದು. ಕನ್ನಡಕಕ್ಕೂ ಹೆಲ್ಮೆಟ್ಟಿಗೂ ನಡುವೆ ಹಣೆ ಕಾಣಬಾರದು. ಮೋಡದ ದಿನಕ್ಕೆ ತಿಳಿಬಣ್ಣದ ಗಾಜು, ಬಿಸಿಲಿಗೆ ಕಡುಬಣ್ಣದ್ದು. ಕೋಲನ್ನು ತಲೆಕೆಳಗು ಮಾಡಿ ಚಕ್ರದ ಕೆಳಗೆ ಹಿಡಿದಾಗ ಮೊಣಕೈ ಸರಿಯಾಗಿ ಮಡಚಿ ನಿಂತರೆ ಅದೇ ಅಳತೆ.

ಅಮೆರಿಕದಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಇರುವ ನಮ್ಮವರ ಮಕ್ಕಳು ಚಳಿಗಾಲ ಪೂರ್ತಿ ಸ್ಕೀ ಮಾಡುತ್ತಾರೆ. ಅಲ್ಲಿನ ಅಪ್ಪ ಅಮ್ಮಂದಿರಿಗೂ ‘ಬೆಳೆಯೋ ಕಾಲು’ ಎಂಬ ಆಸೆ ಹುಟ್ಟದಿರದು. ದಯವಿಟ್ಟು ಬೇಡ. ಮಕ್ಕಳ ಬೂಟು, ಹಲಗೆಯನ್ನು ಇಡೀ ಚಳಿಗಾಲಕ್ಕೆ ಬಾಡಿಗೆ ಕೊಡುವ ಅಂಗಡಿಗಳು ಅಲ್ಲಿವೆ. ಈ ವರ್ಷದ ಕಾಲಿಗೆ ಈ ವರ್ಷದ ಬೂಟು ತಂದು, ಮುಂದಿನ ವರ್ಷ ಬದಲಾಯಿಸಿಕೊಳ್ಳಿ. ದೊಡ್ಡವರು ಆಟ ಕೈಹಿಡಿದ ಮೇಲೆ ಕೊಳ್ಳುವುದಾದರೆ ಮೊದಲು ಕೊಳ್ಳಬೇಕಾದದ್ದು ಬೂಟು. ಹಲಗೆ ಬಾಡಿಗೆಗೇ ಇರಲಿ.

ಫೆಬ್ರವರಿಯಲ್ಲಿ ಒಂದು ಸಂಜೆ ಸೋಲಂಗ್‌ನಿಂದ ಫೋನು ಬಂತು. ಮೊದಲ ದಿನ ಉಗ್ರಾಣದಲ್ಲಿ ಬೂಟು ಹಂಚುವಾಗ ಎಲ್ಲರೂ ದೊಡ್ಡದು ಕೇಳುತ್ತಿದ್ದರೆ ಇವಳೊಬ್ಬಳು ಎರಡು ಜೊತೆ ವಾಪಸ್ ಕೊಟ್ಟು ಚಿಕ್ಕದು ಕೇಳಿದಳಂತೆ. ತೂಕ 52, ಮೊದಲ ಸಲ, ಹಿಮವನ್ನೇ ಇವತ್ತು ನೋಡಿದ್ದು ಅಂತ ಎಲ್ಲರೆದುರಿಗೆ ಹೇಳಿದಳಂತೆ. ಹಿಂದೆ ನಿಂತಿದ್ದ ಹುಡುಗರು ನಕ್ಕರಂತೆ.

“ಆಮೇಲೆ?”

“ನಾಲ್ಕನೇ ದಿನ ಬಿದ್ದೆ ಅಪ್ಪಾ. ತಿರುಚ್ಕೊಂಡೇ ಬಿದ್ದೆ. ಟಪ್ ಅಂತ ಹಲಗೆ ಬಿಚ್ಕೊಂಡು ಅಲ್ಲೇ ಹಿಮಕ್ಕೆ ಕಚ್ಕೊಂಡು ನಿಂತ್ಕೊಳ್ತು. ನಾನು ಕೆಳಗಡೆ, ಹಲಗೆ ಮೇಲ್ಗಡೆ. ಹತ್ಕೊಂಡ್ ಹೋಗಿ ತರೋ ಅಷ್ಟರಲ್ಲಿ ಸಾಕಾಯ್ತು.”

“ಮಂಡಿ?”

“ಮಂಡಿಗೇನೂ ಆಗಿಲ್ಲ. ಈಗ ಕುಕ್ಕರಗಾಲಲ್ಲೇ ಕೂತ್ಕೊಂಡು ಮಾತಾಡ್ತಿದೀನಿ.”

ನನಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ನಮ್ಮವ್ವ ಫೋನು ಕಸಿದುಕೊಂಡಳು. “ಕಂಬಳಿ ಹೊದ್ಕೊಂಡೀಯೇನವ್ವಾ?” ಅಂತ ಕೇಳಿದಳು. ಹೊದ್ದಿದ್ದಳಂತೆ. ಪಕ್ಕದ ಹಾಸಿಗೆಯ ಹುಡುಗಿಯೂ ಅರ್ಧ ಹೊದ್ದುಕೊಂಡಿದ್ದಳಂತೆ.